ಕುತ್ತಿಗೆಯ ಹಳೆಯ ಪೆಟ್ಟು: ಯಾರಿಗೆ ತೋರಿಸಬೇಕು?

ಪ್ರಶ್ನೆ: 4 ವರ್ಷಗಳ ಹಿಂದೆ ಬೈಕಿನಿಂದ ಬಿದ್ದ ನನ್ನ ಪತಿಯ ಕುತ್ತಿಗೆ ನೋವು ಇನ್ನೂ ಹೋಗಿಲ್ಲ, ಈಚೆಗೆ ಬಲಗೈ ಬೆರಳುಗಳು ಜೋಮು ಹಿಡಿಯುತ್ತಿವೆ. ಯಾವ ತಜ್ಞರನ್ನು ಕಾಣಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕುತ್ತಿಗೆಯ 7 ಕಶೇರುಗಳ (ಬೆನ್ನೆಲುಬಿನ ಮೂಳೆಗಳ) ನಡುವಿನ ಮೆತ್ತೆಯಂಥ ಡಿಸ್ಕ್ ಜಾರಿ ನರದ ಬೇರನ್ನು ಒತ್ತಿದಾಗ ಬೆರಳುಗಳು ಹೀಗೆ ಜೋಮು ಹಿಡಿಯಬಹುದಾದ್ದರಿಂದ, ನೋವಿನ ಮಾತ್ರೆಯಲ್ಲೇ ದಿನ ತಳ್ಳದೆ, ನರಶಸ್ತ್ರತಜ್ಞರನ್ನು ಅಥವಾ ಬೆನ್ನುಮೂಳೆ ತಜ್ಞರನ್ನು ಕಂಡು ಎಂಆರ್‌ಐ ಅಗತ್ಯವೇ ಎಂದು ಕೇಳಿ. ನಿಮ್ಮೂರಿನಲ್ಲೇ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿರುವಾಗ ಮೊದಲ ಪರೀಕ್ಷೆಗೇ ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಬೇಕಿಲ್ಲ. ಹಳೆಯ ಎಕ್ಸ್‌ರೇ, ಔಷಧಿ ಚೀಟಿಗಳನ್ನು ಒಯ್ಯಿರಿ. ಕುತ್ತಿಗೆ ತಿರುಚಿ ನೆಟಿಕೆ ತೆಗೆಯುವವರ ಬಳಿ ದಯವಿಟ್ಟು ಕರೆದೊಯ್ಯಬೇಡಿ. ಅಂಗಿಯ ಗುಂಡಿ ಹಾಕಲು ಕೈ ತಡವರಿಸಿದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ ಬೆನ್ನುಹುರಿಯ ಮೇಲೆಯೇ ಒತ್ತಡ ಬಿದ್ದಿರಬಹುದು. ಆಗ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.