ಗ್ರಂಥಿ ಹೋಯಿತು, ಪ್ರತಿಕಾಯ ಉಳಿಯಿತು

ಹಿರಿಯೂರು ಕಡೆಯ 29ರ ಗೃಹಿಣಿ, ಚೊಚ್ಚಲ ಬಸಿರು, 30ನೇ ವಾರ. (ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.) ಗ್ರೇವ್ಸ್ ಕಾಯಿಲೆಗೆ (ದೇಹದ್ದೇ ಪ್ರತಿಕಾಯ ಥೈರಾಯ್ಡನ್ನು ಕೆರಳಿಸಿ ಹಾರ್ಮೋನ್ ಅತಿಯಾಗಿಸುವ ರೋಗ) ಆರು ವರ್ಷದ ಹಿಂದೆ ಥೈರಾಯ್ಡ್ ಗ್ರಂಥಿಯನ್ನೇ ತೆಗೆಸಿದ್ದಾರೆ. ದಿನಾ 125 ಮೈಕ್ರೋಗ್ರಾಂ ಥೈರಾಕ್ಸಿನ್ (ಗ್ರಂಥಿಯ ಹಾರ್ಮೋನಿಗೆ ಬದಲಿ ಮಾತ್ರೆ), ಟಿಎಸ್‌ಎಚ್ (ಥೈರಾಯ್ಡಿಗೆ ಚಾಲನೆ ಕೊಡುವ ಹಾರ್ಮೋನ್) ಸರಿಯಿದೆ. ತಾಯಿ ಕಾರ್ಡಿನಲ್ಲಿ ‘ಹೈಪೋಥೈರಾಯ್ಡ್’ (ಥೈರಾಯ್ಡ್ ಕಡಿಮೆ) ಎಂದಷ್ಟೇ ಇತ್ತು. ಕುತ್ತಿಗೆಯ ಹೊಲಿಗೆ ಗುರುತು ಕಂಡ ಸ್ಕ್ಯಾನ್ ವೈದ್ಯರು ಟಿಆರ್‌ಎಬಿ (ಗ್ರೇವ್ಸ್ ಪ್ರತಿಕಾಯ ಎಷ್ಟಿದೆ ಎಂದು ಅಳೆಯುವ) ಪರೀಕ್ಷೆ ಬರೆದುಕೊಟ್ಟರು. ಮಿತಿ 1.75, ಇವರದು 14. ಇದರಿಂದ ಮಗುವಿಗೂ ಥೈರಾಯ್ಡ್ ಅತಿಯಾಗಬಹುದು ಎಂದೆವು.

“ನನಗೇ ಗ್ರಂಥಿ ಇಲ್ಲ, ಮಗುವಿಗೆ ಹೆಂಗೆ ಬರ್ತದೆ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಈ ಪ್ರತಿಕಾಯವನ್ನು ತಯಾರಿಸುವುದು ರೋಗನಿರೋಧಕ ಕಣಗಳು. ಆಪರೇಷನ್ ಆಗಿ ವರ್ಷಗಳಾದರೂ ಅದು ರಕ್ತದಲ್ಲಿರಬಹುದು. ತಾಯಲ್ಲಿ ಅದು ಕೆರಳಿಸಲು ಗ್ರಂಥಿಯಿಲ್ಲ. ಮಾಸು ದಾಟಿದರೆ ಮಗುವಿನ ಗ್ರಂಥಿ ಇದೆ, ಸುಮಾರು 20ನೇ ವಾರದಿಂದ ಅದು ಪ್ರತಿಕಾಯಕ್ಕೆ ಸ್ಪಂದಿಸುತ್ತದೆ. ಮಿತಿಯ ಮೂರು ಪಟ್ಟು ದಾಟಿದರೆ ಎಚ್ಚರ ಬೇಕು. ಇವರದು ಎಂಟು ಪಟ್ಟು.

ಕೊಟ್ಟ ಸಲಹೆ: ಕಾರ್ಡಿನಲ್ಲಿ ‘ಗ್ರೇವ್ಸ್, ಆಪರೇಷನ್ ಆಗಿದೆ, ಟಿಆರ್‌ಎಬಿ 14’ ಎಂದು ಬರೆಸಿ. ಸ್ಕ್ಯಾನಿನಲ್ಲಿ ಮಗುವಿನ ಎದೆಬಡಿತ ನಿಮಿಷಕ್ಕೆ 160 ದಾಟಿಯೇ ಇರುತ್ತದೆಯೇ, ಗಳಗಂಡ (ಥೈರಾಯ್ಡ್ ಊತ) ಇದೆಯೇ, ತೂಕ ಏರುತ್ತಿದೆಯೇ ನೋಡಿಸಿ. ಹೆರಿಗೆ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇರುವ ಕಡೆಯೇ ಆಗಲಿ, ಚಿತ್ರದುರ್ಗವೋ ದಾವಣಗೆರೆಯೋ.

ಹುಟ್ಟಿದಾಗ ಹೊಕ್ಕುಳಬಳ್ಳಿಯ ರಕ್ತದಲ್ಲಿ ಟಿಆರ್‌ಎಬಿ; 3ರಿಂದ 5ನೇ ದಿನದೊಳಗೆ ಎಫ್‌ಟಿ4 (ಥೈರಾಯ್ಡ್ ಹಾರ್ಮೋನಿನ ಮಟ್ಟ), ಟಿಎಸ್‌ಎಚ್; 10ರಿಂದ 14ನೇ ದಿನದೊಳಗೆ ಮತ್ತೊಮ್ಮೆ. ಹಿಮ್ಮಡಿ ಚುಚ್ಚಿ ಮಾಡುವ ಮಾಮೂಲಿ ಪರೀಕ್ಷೆ ‘ನಾರ್ಮಲ್’ ಬಂತೆಂದು ಇದನ್ನು ಬಿಡಬೇಡಿ. ಅದು ಹುಡುಕುವುದು ಏರಿದ ಟಿಎಸ್‌ಎಚ್. ಥೈರಾಯ್ಡ್ ಅತಿಯಾದ ಮಗುವಿನಲ್ಲಿ ಅದು ಇಳಿದಿರುತ್ತದೆ. ಬಸಿರಿನಲ್ಲಿ ಥೈರಾಯ್ಡ್ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ತಗೊಂಡ ತಾಯಂದಿರ ಮಗುವಿಗಂತೂ ಮಾತ್ರೆಯ ಪ್ರಭಾವ ಇಳಿಯುವವರೆಗೆ ಲಕ್ಷಣವೇ ಕಾಣದೆ, ಮನೆಗೆ ಹೋದ ಮೇಲೆ ಶುರುವಾಗಬಹುದು.

ತವರಿನವರಿಗೆ ಬೇರೆಯಾಗಿಯೇ ಹೇಳಿದ, ಮಗುವಿನಲ್ಲಿ ಗಮನಿಸಬೇಕಾದ ಲಕ್ಷಣಗಳು: ಆಸೆಯಿಂದ ಹಾಲು ಕುಡಿದರೂ ತೂಕ ಏರದಿರುವುದು, ಬೆವರು, ಮೇಲಿಂದ ಮೇಲೆ ಭೇದಿ, ರೆಪ್ಪೆ ಬಡಿಯದ ದಿಟ್ಟ ನೋಟ, ಸಮಾಧಾನವಾಗದ ಅಳು. ಬಾಣಂತಿ ಕೋಣೆಯ ಕೆಂಡದ ಕಾವಿಗೆ ಬೆವರಿತು, ದೃಷ್ಟಿ ತಾಗಿತು ಎನ್ನುತ್ತಾ ವಾರ ಕಳೆದರೆ ಹೃದಯ ಸೋಲಬಹುದು.

ಹುಟ್ಟಿದ ಐದನೇ ದಿನ ಮಗುವಿನ ಎಫ್‌ಟಿ4 ಏರಿತ್ತು. ಮಕ್ಕಳ ವೈದ್ಯರು ಥೈರಾಯ್ಡ್ ತಗ್ಗಿಸುವ ಮೆತಿಮಜೋಲ್ ಶುರುಮಾಡಿದರು (ಸಾಮಾನ್ಯವಾಗಿ ಕಿಲೋ ತೂಕಕ್ಕೆ ದಿನಕ್ಕೆ 0.2ರಿಂದ 0.5 ಮಿ.ಗ್ರಾಂ), ಬಡಿತ ಇಳಿಸಲು ಕೆಲದಿನ ಪ್ರೊಪ್ರನೊಲಾಲ್. ಎದೆಹಾಲು ನಿಲ್ಲಿಸಲಿಲ್ಲ, ತಾಯಿಯ ಥೈರಾಕ್ಸಿನ್‌ನಿಂದ ಮಗುವಿಗೆ ತೊಂದರೆಯಿಲ್ಲ. ತಾಯಿಂದ ಬಂದ ಪ್ರತಿಕಾಯ ಕರಗಿದಂತೆ ಡೋಸ್ ಇಳಿಸುತ್ತಾ ಹತ್ತನೇ ವಾರಕ್ಕೆ ಔಷಧಿ ನಿಂತಿತು. ಮುಂದಿನ ಬಸಿರಿನಲ್ಲಿ ಟಿಆರ್‌ಎಬಿ ಮೊದಲ ತಿಂಗಳುಗಳಲ್ಲೇ ಮಾಡಿಸಬೇಕೆಂದು ಫೈಲಿನ ಮೊದಲ ಹಾಳೆಯಲ್ಲೇ ಬರೆದುಕೊಡಲಾಗಿದೆ.