ಖುಷ್ಕಿ ಹೊಲಕ್ಕೆ ಕೃಷಿ ವಿಶ್ವವಿದ್ಯಾಲಯದ ಸಂಶೋಧನೆ ನಂಬಲೇ, ಹಿರಿಯರ ಪದ್ಧತಿ ನಂಬಲೇ?

ಮಳೆಯನ್ನೇ ನಂಬಿದ ನಾಲ್ಕು ಎಕರೆ ಖುಷ್ಕಿ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿರುವ ನೀವು, ‘ಯೂನಿವರ್ಸಿಟಿ ಬೀಜ ನಮ್ಮ ಹೊಲಕ್ಕೆ ಆಗಿಬರಲ್ಲ’ ಅನ್ನುವ ನಿಮ್ಮ ತಂದೆ. ಪ್ರಶ್ನೆ ಅರ್ಧ ಓದುವಷ್ಟರಲ್ಲೇ ಉತ್ತರ ಬರೆಯಲು ಕೂತೆ. ನಮ್ಮ ಮನೆಯಲ್ಲೂ ಇದೇ ಜಗಳ ನಡೆದಿತ್ತು. ನಿಮ್ಮ ತಂದೆಯ ಜಾಗದಲ್ಲಿ ನಮ್ಮ ಮಾವ ಇದ್ದರು, ನಿಮ್ಮ ಜಾಗದಲ್ಲಿ ನಾನು.

ನಮ್ಮದು ತುಮಕೂರು ಜಿಲ್ಲೆ. ಕೆಂಪು ಮಣ್ಣು, ಒಂದು ಮೊಳ ಅಗೆದರೆ ಕಲ್ಲು ಗರಸು. ಬೋರ್‌ವೆಲ್ ಇಲ್ಲ. ಮಾವನಿಗೆ ಮಂಡಿನೋವು ಹೆಚ್ಚಾಯಿತು, ನನ್ನ ಗಂಡನಿಗೆ ಫ್ಯಾಕ್ಟರಿ ಕೆಲಸ ಬಿಡಲು ಆಗುತ್ತಿರಲಿಲ್ಲ, ಹಾಗಾಗಿ ಹೊಲ ನನ್ನ ಪಾಲಿಗೆ ಬಂತು. ಅದಕ್ಕೂ ಮುಂಚೆ ನವೆಂಬರಿನಲ್ಲಿ ನಮ್ಮೂರಿನವರ ಜೊತೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯ ಕೃಷಿಮೇಳಕ್ಕೆ ಹೋಗಿದ್ದೆ. ಅಲ್ಲಿ ಪ್ರಯೋಗಕ್ಕೆಂದು ಬೆಳೆದ ರಾಗಿ ತಾಕುಗಳನ್ನು ನೋಡಿ ಕಣ್ಣು ಕೀಳಲು ಆಗಲಿಲ್ಲ. ಎಂಆರ್-1 ಎಂಬ ತಳಿಯ ತೆನೆ ಒಳಕ್ಕೆ ಮಡಚಿಕೊಂಡು, ಹಿಡಿದರೆ ಕೈತುಂಬುವ ಹಾಗಿತ್ತು. ಹುಲ್ಲೂ ಎತ್ತರ. ಮನೆಯಲ್ಲಿ ಎರಡು ಹಸು, ಡೇರಿಗೆ ಹಾಕುವ ಹಾಲೇ ತಿಂಗಳ ಖರ್ಚಿಗೆ ಆಧಾರ. ಕಾಳೂ ಸಿಗುತ್ತದೆ, ಮೇವೂ ಸಿಗುತ್ತದೆ, ಇದೇ ಸರಿ ಎಂದು ತೀರ್ಮಾನಿಸಿಬಿಟ್ಟೆ. ಬೀಜ ತಂದು, ಅದರ ಜೊತೆ ಕೊಟ್ಟ ಕರಪತ್ರವನ್ನು ಬೀರುವಿನಲ್ಲಿಟ್ಟೆ.

ಆ ವರ್ಷ ಪುನರ್ವಸು ನಕ್ಷತ್ರದ ಮಳೆ ಬರಲಿಲ್ಲ. ಪುಷ್ಯ ಒಂದೆರಡು ಹನಿ ಹಾಕಿ ಹೋಯಿತು. ಆಶ್ಲೇಷ ಧೂಳು ಅಡಗಿಸಿತು, ಅಷ್ಟೆ. ಹೊಲ ಹದವಾಗಿದ್ದು ಮಖೆ ಮಳೆಗೆ, ಅಂದರೆ ಆಗಸ್ಟ್ ಮೂರನೇ ವಾರ ದಾಟಿದ ಮೇಲೆ. ಬಿತ್ತುವ ಕೂರಿಗೆ ಕಟ್ಟಿಸುವ ಹೊತ್ತಿಗೆ ಮಾವ ಕೋಲೂರಿಕೊಂಡು ಬದುವಿನವರೆಗೂ ಬಂದು ಹೇಳಿದರು: ‘ಮಖೆ ಮಳೇಲಿ ಈ ರಾಗಿ ಬೇಡ ಕಣಮ್ಮ. ಇದು ಜಾಸ್ತಿ ದಿನ ತಗೊಳ್ಳೋದು. ಚಿಕ್ಕ ಅವಧೀದು ಯಾವುದಾದ್ರೂ ಸಿಕ್ತದಾ ನೋಡು, ಇಲ್ಲದಿದ್ರೆ ಹುರುಳಿ ಚೆಲ್ಲು.’

ನಾನು ಕೇಳಲಿಲ್ಲ. ‘ಇದು ವಿಜ್ಞಾನಿಗಳು ಮಾಡಿರೋ ತಳಿ ಮಾವಯ್ಯ, ನಿಮ್ಮ ಕಾಲದ ರಾಗಿ ಅಲ್ಲ’ ಅಂದೆ. ಆ ಮಾತಿನ ಬೆಲೆ ಏನಾಯಿತು ಅಂತ ನಿಮಗೆ ಬಿಡಿಸಿ ಹೇಳಬೇಕು, ಯಾಕಂದರೆ ನೀವು ಮಾಡಲು ಹೊರಟಿರುವ ತಪ್ಪೂ ಇದೇ ಆಗಬಹುದು.

ಎಂಆರ್-1 ಕೊಯ್ಲಿಗೆ ಬರಲು ಹತ್ತಿರ ಹತ್ತಿರ 120ರಿಂದ 125 ದಿನ ಬೇಕು. ಹೊಡೆ ಬಿಚ್ಚುವುದಕ್ಕೇ, ಅಂದರೆ ತೆನೆ ಹೊರಬರುವುದಕ್ಕೇ 80 ದಿನದ ಆಚೀಚೆ. ಮಖೆಯಲ್ಲಿ ಬಿತ್ತಿದರೆ ಹೂವಾಡುವುದು ನವೆಂಬರ್ ಮಧ್ಯಕ್ಕೆ, ಕಾಳು ತುಂಬುವುದು ನವೆಂಬರ್ ಕೊನೆ, ಡಿಸೆಂಬರಿಗೆ. ನಮ್ಮ ಕಡೆ ಒಳ್ಳೆ ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆ ಮಳೆಯೆಲ್ಲ ಎಲೆ, ದಂಟು ಬೆಳೆಸುವುದಕ್ಕೇ ಹೋಯಿತು. ಕಾಳಿಗೆ ನೀರು ಬೇಕಾದ ಹೊತ್ತಿಗೆ ಸ್ವಾತಿಯೂ ಮುಗಿದಿತ್ತು, ವಿಶಾಖದಲ್ಲಿ ಒಂದು ಹನಿಯೂ ಬೀಳಲಿಲ್ಲ. ಒಂದು ಮೊಳ ಮಣ್ಣಿನಲ್ಲಿ ತೇವ ಎಷ್ಟು ದಿನ ನಿಂತೀತು? ಅದೇ ಮಣ್ಣಿನಲ್ಲಿ, ಅದೇ ಮಳೆಗೆ ಜಿಪಿಯು-48 ಥರದ 95–100 ದಿನದ ರಾಗಿ ಹಾಕಿದ್ದರೆ ಅಕ್ಟೋಬರ್ ಕೊನೆಯ ಮಳೆ ಸರಿಯಾಗಿ ತೆನೆಗೆ ಸಿಗುತ್ತಿತ್ತು. ತಳಿ ಕೆಟ್ಟದಾಗಿರಲಿಲ್ಲ. ಬೀಜ ಮೋಸದ್ದಾಗಿರಲಿಲ್ಲ. ಗೊಬ್ಬರವೂ ಅಳತೆಯಲ್ಲೇ ಇತ್ತು. ದಿನಾಂಕ ಒಂದು ತಪ್ಪಿತು, ಬೆಳೆ ಹೋಯಿತು.

ಹೊರಗಿನಿಂದ ನೋಡಿದವರಿಗೆ ಪೈರು ಚೆನ್ನಾಗಿಯೇ ಕಾಣುತ್ತಿತ್ತು. ರಸ್ತೆಯಲ್ಲಿ ಹೋಗುವವರು ‘ಭಾರಿ ಬಂದಿದೆಯಲ್ಲಕ್ಕ’ ಅನ್ನುತ್ತಿದ್ದರು. ಒಂದು ತೆನೆ ಮುರಿದು ಅಂಗೈಯಲ್ಲಿ ಉಜ್ಜಿ ಊದಿದೆ. ಹೊಟ್ಟಿನ ಜೊತೆ ಕಾಳೂ ಹಾರಿಹೋಯಿತು. ಅಂಗೈಯಲ್ಲಿ ಉಳಿದಿದ್ದು ನಾಲ್ಕಾರು ಕಾಳು, ಅವೂ ಸುಕ್ಕು. ಕಣದಲ್ಲಿ ತೂರಿದಾಗ ಜೊಳ್ಳಿನ ರಾಶಿಯೇ ದೊಡ್ಡದಾಯಿತು. ವರ್ಷದ ಊಟಕ್ಕೆ ಅಂಗಡಿಯಿಂದ ರಾಗಿ ತಂದೆವು. ಆ ಮನೆಗೆ ನಾನು ಸೊಸೆಯಾಗಿ ಬಂದ ಮೇಲೆ ಅಂಥದ್ದು ಅದೇ ಮೊದಲು. ಸಂಘದ ಸಾಲ ತೀರಿಸಲು ಒಂದು ಹಸು ಮಾರಿದೆವು. ಮಾವ ಒಂದು ಮಾತೂ ಆಡಲಿಲ್ಲ.

ಕೃಷಿ ವಿಜ್ಞಾನ ಕೇಂದ್ರದವರು ಬೇರೆ ಕೆಲಸಕ್ಕೆ ನಮ್ಮೂರಿಗೆ ಬಂದಿದ್ದಾಗ ಹಿಡಿದು ನಿಲ್ಲಿಸಿ ಹೊಲ ತೋರಿಸಿದೆ. ಸಿಟ್ಟಿನಲ್ಲೇ ಕೇಳಿದೆ, ನಿಮ್ಮ ತಳಿ ಹೀಗ್ಯಾಕೆ ಮಾಡಿತು ಅಂತ. ಅವರಲ್ಲೊಬ್ಬಾಕೆ ಒಂದು ಗಿಡ ಕಿತ್ತು ಬೇರು ನೋಡಿ, ‘ಯಾವಾಗ ಬಿತ್ತಿದ್ದು ಅಕ್ಕ?’ ಅಂದರು. ಹೇಳಿದೆ. ‘ಕರಪತ್ರ ಕೊಟ್ಟಿರಲಿಲ್ವಾ?’ ಅಂದರು. ಮನೆಗೆ ಬಂದು ಬೀರು ತೆಗೆದು ಓದಿದೆ. ಜೂನ್, ಜುಲೈ ತಿಂಗಳಲ್ಲಿ ಬಿತ್ತಬೇಕು ಎಂದು ಎರಡನೇ ಸಾಲಿನಲ್ಲೇ ಇತ್ತು. ಮಳೆ ತಡವಾದರೆ ಮಧ್ಯಮ ಅವಧಿಯ ಜಿಪಿಯು-28 ಥರದವು, ಇನ್ನೂ ತಡವಾದರೆ ಅಲ್ಪಾವಧಿಯವು ಎಂದು ಕೆಳಗೆ ಬರೆದಿತ್ತು. ಮಾವ ನಕ್ಷತ್ರದ ಲೆಕ್ಕದಲ್ಲಿ ಹೇಳಿದ್ದನ್ನೇ ವಿಶ್ವವಿದ್ಯಾಲಯದವರು ತಿಂಗಳ ಲೆಕ್ಕದಲ್ಲಿ ಹೇಳಿದ್ದರು. ನಾನು ಇಬ್ಬರ ಮಾತನ್ನೂ ಬಿಟ್ಟು ತೆನೆಯ ಗಾತ್ರವನ್ನು ಮಾತ್ರ ನಂಬಿದ್ದೆ.

ಅದಕ್ಕೇ ಹೇಳುತ್ತೇನೆ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಹಿರಿಯರೋ ಸಂಶೋಧನೆಯೋ ಎಂದು ಆರಿಸಿಕೊಳ್ಳುವ ಪ್ರಸಂಗವೇ ಇಲ್ಲ. ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ತಂದೆ ಅಕ್ಕಡಿ ಸಾಲು ಹಾಕುತ್ತಾರಲ್ಲ, ರಾಗಿ ಕೂರಿಗೆಯ ಹಿಂದೆ ಸಡ್ಡೆಯಲ್ಲಿ (ಬೀಜ ಬಿಡುವ ಕೊಳವೆ) ತೊಗರಿ, ಅವರೆ ಬಿಡುತ್ತಾರಲ್ಲ, ಅದನ್ನೇ ಜಿಕೆವಿಕೆಯ ಒಣಬೇಸಾಯದವರು ವರ್ಷಗಟ್ಟಲೆ ಸಾಲು ಎಣಿಸಿ ಅಳೆದು, ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂದು ಶಿಫಾರಸು ಮಾಡಿದ್ದು. ಆ ಎರಡು ತೊಗರಿ ಸಾಲಿನ ನಡುವೆ ಒಂದು ಉಳುಮೆ ಗೆರೆ ಎಳೆದು ಬಿಡಿ ಅನ್ನುತ್ತಾರೆ. ಸೆಪ್ಟೆಂಬರಿನ ಜೋರು ಮಳೆಗೆ ಮಣ್ಣು ಕೊಚ್ಚಿಕೊಂಡು ಹೋಗದೆ ನೀರು ಆ ಗೆರೆಯಲ್ಲಿ ನಿಂತು ಇಂಗುತ್ತದೆ, ರಾಗಿ ಕೊಯ್ದ ಮೇಲೂ ತೊಗರಿಗೆ ತೇವ ಸಿಗುತ್ತದೆ. ನಾನು ಮಾಡಿ ನೋಡಿದ್ದೇನೆ. ನಮ್ಮ ಇಳಿಜಾರು ಹೊಲದಿಂದ ಈಗ ಕೆಳಗಿನವರ ಗದ್ದೆಗೆ ಮಣ್ಣು ಹೋಗುವುದು ತುಂಬಾ ಕಡಿಮೆ. ಸಾಲಿನಲ್ಲಿ ಬಿತ್ತಿದ್ದರಿಂದ ನಡುವಿನ ಕಳೆ ತೆಗೆಯಲು ಎಡೆಕುಂಟೆ ಓಡುತ್ತದೆ. ಬಗ್ಗಿ ಕಳೆ ಕೀಳುವ ಕೆಲಸ ಅರ್ಧವಾಯಿತು ಅನ್ನುವುದು ಹೆಂಗಸರಿಗೆ ಏನೆಂದು ಕಳೆ ಕಿತ್ತವರಿಗೇ ಗೊತ್ತು.

ಹಾಗಾದರೆ ವಿಶ್ವವಿದ್ಯಾಲಯ ಯಾಕೆ ಬೇಕು, ತಂದೆಯ ಅನುಭವವೇ ಸಾಕಲ್ಲ ಅನ್ನಬೇಡಿ. ಮನೆಯವರು ಯಾವತ್ತೂ ಮಾಡಲಾಗದ ಕೆಲಸ ಒಂದಿದೆ, ಅದು ಬೇಕೆಂದೇ ನಷ್ಟ ಮಾಡಿಕೊಂಡು ಲೆಕ್ಕ ಇಡುವುದು. ಜಿಕೆವಿಕೆಯಲ್ಲಿ 1978ರಿಂದ ಒಂದೇ ಜಾಗದಲ್ಲಿ ಗೊಬ್ಬರದ ಪ್ರಯೋಗ ನಡೆಸಿದರು. ಒಂದು ತಾಕಿಗೆ ಏನೂ ಹಾಕುವುದಿಲ್ಲ, ಒಂದಕ್ಕೆ ಬರೀ ರಾಸಾಯನಿಕ ಗೊಬ್ಬರ, ಒಂದಕ್ಕೆ ಬರೀ ಕೊಟ್ಟಿಗೆ ಗೊಬ್ಬರ, ಒಂದಕ್ಕೆ ಎರಡೂ. ಬರೀ ರಾಸಾಯನಿಕ ಹಾಕಿದ ತಾಕು ಮೊದಮೊದಲು ಚೆನ್ನಾಗಿ ಕೊಟ್ಟು ಬರಬರುತ್ತಾ ಇಳಿಯಿತು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ರಾಸಾಯನಿಕವನ್ನೂ ಹಾಕಿದ ತಾಕು ಇಳುವರಿ ಉಳಿಸಿಕೊಂಡಿತು. ಏನೂ ಹಾಕದ ತಾಕನ್ನು ವರ್ಷವರ್ಷವೂ ಹಾಗೇ ಬಿಟ್ಟು ನೋಡುವ ಶಕ್ತಿ ನಾಲ್ಕು ಎಕರೆಯ ಯಾವ ಮನೆಗಿದೆ? ನಮ್ಮ ಪರವಾಗಿ ಅವರು ಆ ನಷ್ಟ ಹೊತ್ತಿದ್ದಾರೆ, ಫಲಿತಾಂಶವನ್ನು ಕೇಳಿದವರಿಗೆಲ್ಲ ಕೊಡುತ್ತಾರೆ. ಇದಕ್ಕೆ ನಾನು ಕೈಮುಗಿಯುತ್ತೇನೆ. ಯೂರಿಯಾ ಮೂಟೆಯ ಮೇಲೆ ಮೂಟೆ ಸುರಿಯುವವರೂ, ರಾಸಾಯನಿಕ ಮುಟ್ಟಿದರೆ ಪಾಪ ಅನ್ನುವವರೂ ಇಬ್ಬರೂ ಆ ತಾಕುಗಳನ್ನು ಹೋಗಿ ನೋಡಬೇಕು.

ಇನ್ನು ತಳಿಯ ಮಾತು. ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮಿನಲ್ಲಿ ಕೂತು ಏನು ಮಾಡಿದರೆಂದು ನಿಮ್ಮ ತಂದೆಗೆ ಹೇಳಿ. ರಾಗಿ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನ ಪರಾಗದಿಂದ ತಾನೇ ಕಾಳು ಕಟ್ಟುವಂಥದ್ದು. ಅದರ ಕೇಸರ ಕಿತ್ತು ಬೆರಕೆ ಮಾಡುವುದು ಹೆಚ್ಚುಕಡಿಮೆ ಆಗದ ಕೆಲಸ. ಅವರು ಎರಡು ಗಿಡದ ತೆನೆಗಳನ್ನು ಹೂವು ಬಿರಿಯುವ ಮೊದಲೇ ಮುಖಾಮುಖಿ ಕಟ್ಟಿ, ಒಂದರ ಪರಾಗ ಇನ್ನೊಂದಕ್ಕೆ ತಾಗುವಂತೆ ಮಾಡಿದರು. ಆಮೇಲೆ ಸಾವಿರಾರು ಸಸಿಗಳಲ್ಲಿ ಬೆರಕೆಯಾದದ್ದನ್ನು ಹುಡುಕಿ ಆರಿಸುವುದು. ನಮ್ಮ ನೆಲದ ರಾಗಿಗೆ ಆಫ್ರಿಕಾದ ರಾಗಿ ಸೇರಿಸಿ ಇಂಡಾಫ್ ತಳಿಗಳು ಬಂದಿದ್ದು ಹೀಗೆ. ಇಂಡಾಫ್-5ಕ್ಕೆ ಬೆಂಕಿ ರೋಗದ ಕಾಟವಿತ್ತು. ಮುಂದಿನವರು ಅದನ್ನು ಸುಮ್ಮನೆ ಬಿಡಲಿಲ್ಲ, ಅದೇ ಇಂಡಾಫ್ ವಂಶಕ್ಕೆ ರೋಗ ತಡೆಯುವ ಇನ್ನೊಂದು ಆಫ್ರಿಕಾ ರಾಗಿಯ ಗುಣ ಸೇರಿಸಿ 1990ರ ದಶಕದಲ್ಲಿ ಜಿಪಿಯು-28 ಕೊಟ್ಟರು. ಬೆಂಕಿ ರೋಗ ಬಂದರೆ ತೆನೆಯ ಕುತ್ತಿಗೆ ಕಪ್ಪಾಗಿ ಮೇಲಿನ ಕಾಳೆಲ್ಲ ಹೋಗುತ್ತದೆ. ಜಿಪಿಯು-28 ಹಾಕಿದ ಮೇಲೆ ನಾವು ರಾಗಿಗೆ ಔಷಧ ಹೊಡೆದಿಲ್ಲ. ಔಷಧದ ದುಡ್ಡು ಉಳಿಯಿತು, ಆ ವಿಷ ಮೇವಿಗೆ, ಹಾಲಿಗೆ ಹೋಗುವುದು ತಪ್ಪಿತು, ಬಾವಿಗೆ ಇಳಿಯುವುದೂ ತಪ್ಪಿತು.

‘ಅವರ ಬೀಜ ತಂದರೆ ಪ್ರತಿ ವರ್ಷ ಕೊಳ್ಳಬೇಕಲ್ಲ’ ಎಂದು ತಂದೆ ಹೇಳಿದ್ದಾಗಿ ಬರೆದಿದ್ದೀರಿ. ಅದು ಹೈಬ್ರಿಡ್ ಜೋಳದ ಮಾತು, ರಾಗಿಗೆ ಸಲ್ಲುವುದಿಲ್ಲ. ರಾಗಿಯ ಈ ತಳಿಗಳು ಹೈಬ್ರಿಡ್ ಅಲ್ಲ. ಒಂದು ಸಲ ಒಳ್ಳೆ ಬೀಜ ತಂದರೆ, ಹೊಲದ ನಡುವಿನ ಆರೋಗ್ಯದ ತೆನೆ ಆರಿಸಿ ಬೇರೆಯಾಗಿ ಬಡಿದು, ಒಣಗಿಸಿ ಇಟ್ಟುಕೊಂಡರೆ ಮೂರ್ನಾಲ್ಕು ವರ್ಷ ಧಾರಾಳವಾಗಿ ನಡೆಯುತ್ತದೆ. ನಮ್ಮತ್ತೆ ಈಗಲೂ ಬೀಜದ ತೆನೆಯನ್ನು ತಾವೇ ಆರಿಸುತ್ತಾರೆ, ಬೇರೆಯವರ ಕೈಗೆ ಬಿಡುವುದಿಲ್ಲ.

ಹಣ ಎಲ್ಲಿ ಹಾಕಲಿ ಅಂದಿದ್ದೀರಿ. ಮೊದಲ ವರ್ಷ ಎಲ್ಲೂ ಹಾಕಬೇಡಿ. ಡ್ರಿಪ್ಪು, ಪಾಲಿಹೌಸು, ವಿಡಿಯೊದಲ್ಲಿ ತೋರಿಸುವ ವಿದೇಶಿ ಹಣ್ಣು ಯಾವುದೂ ಬೇಡ. ತಂದೆ ಹೇಗೆ ಮಾಡುತ್ತಾರೋ ಮೂರೂವರೆ ಎಕರೆಯಲ್ಲಿ ಹಾಗೇ ಮಾಡಲಿ. ಅರ್ಧ ಎಕರೆ ನೀವು ಕೇಳಿಕೊಂಡು, ಅದರಲ್ಲಿ ವಿಶ್ವವಿದ್ಯಾಲಯದ ಶಿಫಾರಸನ್ನು ಪೂರ್ತಿ ಮಾಡಿ. ಪೂರ್ತಿ ಎಂದರೆ ಪೂರ್ತಿ: ತಳಿ, ಬಿತ್ತುವ ಕಾಲ, ಬೀಜೋಪಚಾರ, ಸಾಲಿನ ಅಂತರ, ಗೊಬ್ಬರ ಎಲ್ಲವೂ. ನಮಗೆ ಹಿಡಿಸಿದ ಒಂದನ್ನು ಎತ್ತಿಕೊಂಡು ಉಳಿದದ್ದನ್ನು ಬಿಟ್ಟರೆ ಅದು ಸಂಶೋಧನೆಯನ್ನು ಪಾಲಿಸಿದಂತೆ ಆಗುವುದೇ ಇಲ್ಲ. ಕೃಷಿಮೇಳಕ್ಕೆ ಹೋದರೆ ಮಳಿಗೆಗಳಲ್ಲಿ ಹೊತ್ತು ಕಳೆಯದೆ ನೇರ ತಾಕಿಗೆ ಹೋಗಿ, ಯಾವ ದಿನ ಬಿತ್ತಿದ್ದು, ಎಷ್ಟು ಸಲ ನೀರು ಕೊಟ್ಟಿದ್ದು, ಮಣ್ಣು ಎಷ್ಟು ಆಳ ಎಂದು ಕೇಳಿ. ಉತ್ತರ ಬರೆದುಕೊಳ್ಳಿ.

ಬೀಜವನ್ನು ಮಳೆ ಬರುವ ಮೊದಲೇ ಎರಡು ಅವಧಿಯದ್ದು ತಂದಿಡಿ, ಮಧ್ಯಮದ್ದು ಒಂದು, ಅಲ್ಪಾವಧಿಯದ್ದು ಒಂದು. ಅರ್ಧ ಎಕರೆಗೆ ಬೇಕಾಗುವ ರಾಗಿ ಬೀಜ ಎರಡೂವರೆ ಕೆಜಿ ಕೂಡ ದಾಟುವುದಿಲ್ಲ, ಎರಡೂ ತಂದರೂ ದೊಡ್ಡ ಖರ್ಚಲ್ಲ. ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು. ಮಳೆ ತೀರಾ ತಡವಾಗುವ ಸೂಚನೆ ಇದ್ದರೆ ಮನೆಯ ಹಿಂದೆ ಒಟ್ಲು (ಸಸಿಮಡಿ) ಹಾಕಿ, ಬಿಂದಿಗೆ ನೀರು ಹುಯ್ದು ಸಸಿ ಬೆಳೆಸಿ, ಮಳೆ ಬಿದ್ದ ದಿನ ನಾಟಿ ಮಾಡಬಹುದು. ಅದರಿಂದ ಮೂರು ವಾರ ಗಿಟ್ಟುತ್ತದೆ.

ನಿಮ್ಮದು ಯಾವ ಜಿಲ್ಲೆ ಎಂದು ಬರೆದಿಲ್ಲ. ಗುದ್ದಲಿ ತೆಗೆದುಕೊಂಡು ಹೊಲದ ಮೇಲ್ಭಾಗ, ನಡು, ಕೆಳಭಾಗದಲ್ಲಿ ಅಗೆದು, ಗರಸು ಎಷ್ಟು ಆಳಕ್ಕೆ ಸಿಗುತ್ತದೆ ನೋಡಿ. ತಂದೆಯನ್ನು ಕೂರಿಸಿಕೊಂಡು ಕಳೆದ ಕೆಲವು ವರ್ಷ ಯಾವ ನಕ್ಷತ್ರದಲ್ಲಿ ಬಿತ್ತಿದರು, ಯಾವ ಸಲ ಕಾಳು ಕಟ್ಟಿತು, ಯಾವ ಸಲ ಜೊಳ್ಳಾಯಿತು ಎಂದು ಕೇಳಿ ಬರೆದುಕೊಳ್ಳಿ. ಆ ಹಾಳೆ ಹಿಡಿದುಕೊಂಡು ನಿಮ್ಮ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಸಾಧ್ಯವಾದರೆ ತಂದೆಯನ್ನೂ ಕರೆದುಕೊಂಡು ಹೋಗಿ, ಅವರೇ ಮಾತಾಡಲಿ.