ನಿವೃತ್ತರಾಗುತ್ತಿರುವ ಅಧಿಕಾರಿಗೆ ಪಾಲಿಕೆ ಸಭೆಯಲ್ಲಿ ಸನ್ಮಾನ ಮಾಡಿಸಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ದಾವಣಗೆರೆಯ ನಿಮ್ಮ ಬಡಾವಣೆಯಲ್ಲಿ ಪಾರ್ಕ್ ಜಾಗ ಒತ್ತುವರಿಯಾಗದಂತೆ ನೋಡಿಕೊಂಡ ನಗರ ಯೋಜನೆ ಅಧಿಕಾರಿಯೊಬ್ಬರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಅವರಿಗೆ ಮಹಾನಗರ ಪಾಲಿಕೆ ಸಭೆಯಲ್ಲೇ ಸನ್ಮಾನ ಆಗಬೇಕು, ಸಾಧ್ಯವಾದರೆ ಪಾರ್ಕಿಗೆ ಅವರ ಹೆಸರೂ ಇಡಬೇಕು ಅಂತ ನಿಮ್ಮ ಆಸೆ.

ಸನ್ಮಾನಕ್ಕೆ ಪ್ರಯತ್ನ ಮಾಡಬಹುದು. ಹೆಸರಿನ ವಿಚಾರ ಬಿಟ್ಟುಬಿಡಿ ಅಂತ ನನ್ನ ಸಲಹೆ. ಆದರೆ ಎರಡಕ್ಕಿಂತ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ: ಪಾರ್ಕ್ ಜಾಗದ ಕಾಗದಪತ್ರ ಕೈಗೆ ಸಿಗುವ ಹಾಗೆ ಮಾಡಿಕೊಳ್ಳುವುದು. ನಮ್ಮ ಬಡಾವಣೆಯವರು ಅದನ್ನು ಮರೆತು ಸರಿಯಾಗಿ ಪೇಚಿಗೆ ಸಿಕ್ಕಿದ್ದೆವು. ಆಗ ಸಂಘದ ಕಾರ್ಯದರ್ಶಿ ನಾನೇ.

ಆ ಕಥೆ ಆಮೇಲೆ. ಸನ್ಮಾನ ಮಾಡಿಸಬೇಕಾದರೆ ಮೊದಲು ಅವರು ಯಾವ ಕಚೇರಿಯವರು ಅಂತ ಖಚಿತ ಮಾಡಿಕೊಳ್ಳಿ. ನಮ್ಮೂರಲ್ಲಿ ಜನ ಎಲ್ಲದಕ್ಕೂ 'ಪಾಲಿಕೆಯವರು' ಅಂತಾರೆ. ಹೊಸ ಬಡಾವಣೆಯ ನಕ್ಷೆಗೆ ಮಂಜೂರಾತಿ ಕೊಡುವುದು, ಊರಿನ ಮಹಾ ಯೋಜನೆ (ಮಾಸ್ಟರ್ ಪ್ಲಾನ್) ಮಾಡುವುದು ಪಾಲಿಕೆ ಅಲ್ಲ, ದೂಡಾ. ಅಂದರೆ ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ. ಪಾಲಿಕೆ ಇರುವುದು ದಾವಣಗೆರೆಗೆ ಮಾತ್ರ, ಹರಿಹರಕ್ಕೆ ಬೇರೆ ನಗರಸಭೆ ಇದೆ, ದೂಡಾ ಎರಡಕ್ಕೂ ಸೇರಿದ್ದು. ಇನ್ನು ಪಾಲಿಕೆಯ ನಗರ ಯೋಜನೆ ಶಾಖೆಯಲ್ಲಿ ಕೂತವರೂ ಎಷ್ಟೋ ಸಲ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯಿಂದ ನಿಯೋಜನೆ ಮೇಲೆ ಬಂದವರು. ನಿಮ್ಮ ಅಧಿಕಾರಿ ದೂಡಾದವರಾದರೆ ಪಾಲಿಕೆ ಸಭೆಯಲ್ಲಿ ಅವರಿಗೆ ಸನ್ಮಾನ ಅನ್ನುವುದು ಪಕ್ಕದ ಮನೆ ಮದುಮಗನಿಗೆ ನಮ್ಮ ಮನೆಯಲ್ಲಿ ಆರತಿ ಎತ್ತಿದ ಹಾಗೆ. ತಪ್ಪೇನಿಲ್ಲ, ಆದರೆ ಅವರ ಮನೆಯವರಿಗೂ ಒಂದು ಮಾತು ಹೇಳಬೇಕು ಅಲ್ವಾ?

ಪಾಲಿಕೆಯವರೇ ಆಗಿದ್ದರೆ ದಾರಿ ಸುಲಭ. ನೀವು ಸಭೆಯಲ್ಲಿ ಎದ್ದು ನಿಂತು ಮಾತಾಡುವ ಹಾಗಿಲ್ಲ. ನಿಮ್ಮ ವಾರ್ಡಿನ ಸದಸ್ಯರೇ ವಿಷಯ ಎತ್ತಬೇಕು. ಒಂದು ಪುಟದ ಮನವಿ ಬರೆದು ಅವರ ಕೈಗೆ ಕೊಡಿ, ಒಂದು ಪ್ರತಿ ಮೇಯರ್‌ಗೆ, ಒಂದು ಪ್ರತಿ ಆಯುಕ್ತರಿಗೆ. 'ದಕ್ಷ, ಪ್ರಾಮಾಣಿಕ, ಜನಾನುರಾಗಿ' ಅಂತ ಬರೆಯಬೇಡಿ, ಅದು ಎಲ್ಲರ ಬೀಳ್ಕೊಡುಗೆಯಲ್ಲೂ ಇರುವ ಮಾತು. ಇಂಥ ಸರ್ವೆ ನಂಬರಿನ ಇಷ್ಟು ಜಾಗ, ಇಂಥ ವರ್ಷ ಹೀಗೆ ಉಳಿಯಿತು ಅಂತ ಬರೆಯಿರಿ. ಅದು ನಡಾವಳಿಯಲ್ಲಿ ದಾಖಲಾದರೆ ಮುಂದೆ ಪಾರ್ಕಿಗೂ ಒಂದು ಸಾಕ್ಷಿ. ಹಾರದಿಂದ ಆ ಲಾಭ ಇಲ್ಲ.

ಈಗ ಚುನಾಯಿತ ಸದಸ್ಯರು ಇದ್ದಾರೋ ಇಲ್ಲವೋ ಅದನ್ನೂ ನೋಡಿಕೊಳ್ಳಿ. 45 ವಾರ್ಡುಗಳಿಗೆ 2019ರ ನವೆಂಬರಿನಲ್ಲಿ ಚುನಾವಣೆ ನಡೆದಿತ್ತು. ಯಾವ ಕೌನ್ಸಿಲ್ ಆದರೂ ಮೊದಲ ಸಭೆಯಿಂದ ಐದು ವರ್ಷ ಅಷ್ಟೇ. ಅವಧಿ ಮುಗಿದು ಹೊಸಬರು ಬರುವ ತನಕ ಆಡಳಿತಾಧಿಕಾರಿ ಕೈಯಲ್ಲಿ ಎಲ್ಲ ಇರುತ್ತದೆ. ಆಗ ಸಭೆಯೂ ಇಲ್ಲ, ಅಭಿನಂದನಾ ನಿರ್ಣಯವೂ ಇಲ್ಲ, ಮನವಿ ನೇರ ಆಡಳಿತಾಧಿಕಾರಿಗೆ.

ಸರ್ಕಾರಿ ನೌಕರರ ನಡತೆ ನಿಯಮದಲ್ಲಿ ಒಂದು ವಿಷಯ ಇದೆ, ಅಭಿಮಾನದ ಭರದಲ್ಲಿ ಯಾರೂ ನೆನಪಿಡುವುದಿಲ್ಲ. ಸೇವೆಯಲ್ಲಿ ಇರುವವರು ತಮ್ಮ ಗೌರವಕ್ಕೆ ಅಂತ ಮಾಡುವ ಸಾರ್ವಜನಿಕ ಸಮಾರಂಭಕ್ಕೆ ಅನುಮತಿ ಇಲ್ಲದೆ ಹೋಗುವಂತಿಲ್ಲ. ನಿವೃತ್ತಿ, ವರ್ಗಾವಣೆ ಸಮಯದಲ್ಲಿ ಖಾಸಗಿಯಾಗಿ ಸರಳವಾಗಿ ಬೀಳ್ಕೊಟ್ಟರೆ ತೊಂದರೆ ಇಲ್ಲ. ಹಾಗಾಗಿ ಫ್ಲೆಕ್ಸ್ ಹಾಕಿ ಮೆರವಣಿಗೆ ಮಾಡಿ ಅವರನ್ನು ಮುಜುಗರಕ್ಕೆ ತಳ್ಳಬೇಡಿ. ಬೆಲೆಬಾಳುವ ಉಡುಗೊರೆಯೂ ಬೇಡ. ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಅಂತ 2021ರ ಆಗಸ್ಟಿನಲ್ಲೇ ಸುತ್ತೋಲೆ ಬಂದಿದೆ. ಶಾಲಿನ ವ್ಯಾಪಾರವೇನೂ ಕಮ್ಮಿ ಆದ ಹಾಗೆ ಕಾಣಲಿಲ್ಲ, ಅದು ಬೇರೆ ಮಾತು.

ಈಗ ನಮ್ಮ ಕಥೆ. ನಮಗೂ ಹೀಗೇ ಒಬ್ಬ ಅಧಿಕಾರಿ ತುಂಬಾ ಸಹಾಯ ಮಾಡಿದ್ದರು. ಅವರು ನಿವೃತ್ತರಾದದ್ದು ಮೇ 31ಕ್ಕೆ. (ಆ ದಿನ ನಿವೃತ್ತಿ ಆಗುವವರು ರಾಜ್ಯದ ತುಂಬಾ ಇರುತ್ತಾರೆ. ಹಿಂದೆ ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಮೇಷ್ಟ್ರು ಜೂನ್ 1 ಅಂತ ಬರೆಯುತ್ತಿದ್ದರಲ್ಲ. ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೆ ದಿನವೇ ನಿವೃತ್ತಿ.) ಹಾವೇರಿಯಿಂದ ಏಲಕ್ಕಿ ಹಾರ ತರಿಸಿದೆವು. ಮೈಸೂರು ಪೇಟ ತೊಡಿಸಿದೆವು. ಊಟಕ್ಕೆ ಕೂತಾಗ ಅವರು ಕೇಳಿದ್ದು ಒಂದೇ ಮಾತು: "ಅಲ್ರೀ, ಲೇಔಟಿನ ಮಂಜೂರಾದ ನಕ್ಷೆ ನಿಮ್ಮ ಹತ್ರ ಐತಾ?" ನಾವು ನಕ್ಕು "ನೀವಿದ್ದೀರಲ್ಲ ಸರ್" ಅಂದೆವು.

ಅವರು ಇರಲಿಲ್ಲ. ಮಾರನೇ ದಿನದಿಂದ ಅವರು ಕಚೇರಿಯಲ್ಲಿ ಇರಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಪಾರ್ಕಿನ ಒಂದು ಮೂಲೆಗೆ ಕಲ್ಲುಕಂಬ ಬಂತು, ತಂತಿ ಬಂತು. ಇದು ನನ್ನ ಸೈಟು ಅಂತ ಒಬ್ಬರು ಕ್ರಯಪತ್ರವನ್ನೇ ಹಿಡಿದು ನಿಂತರು. ನಮ್ಮ ಕೈಯಲ್ಲಿ ಏನಿತ್ತು? ಸನ್ಮಾನದ ಫೋಟೋಗಳು. ಬಡಾವಣೆಗೆ ಮಂಜೂರಾತಿ ಸಿಕ್ಕಾಗ ಆ ಜಮೀನು ಇನ್ನೂ ಹಳ್ಳಿಯ ಲೆಕ್ಕದಲ್ಲಿತ್ತು. ಫೈಲು ಇದ್ದದ್ದು ಹಳ್ಳಿಯ ಸರ್ವೆ ನಂಬರಿನಲ್ಲಿ, ಜಮೀನಿನ ಮಾಲೀಕರ ಹೆಸರಿನಲ್ಲಿ. ನಾವು ಹುಡುಕಿದ್ದು ಬೋರ್ಡಿನ ಮೇಲಿರುವ ಬಡಾವಣೆಯ ಹೆಸರಿನಲ್ಲಿ. ಎಷ್ಟು ದಿನ ಓಡಾಡಿದರೂ ಸಿಗಲಿಲ್ಲ. ಕೊನೆಗೆ ಆ ಸಾಹೇಬರ ಮನೆಗೇ ಹೋದೆವು. ಕಾಫಿ ಕುಡಿಯುತ್ತಾ ಸರ್ವೆ ನಂಬರು, ಮಂಜೂರಾದ ವರ್ಷ ಎರಡನ್ನೂ ಬಾಯಲ್ಲೇ ಹೇಳಿದರು. ಅದನ್ನು ಹಿಡಿದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ ಮೇಲೆ ನಕ್ಷೆ ಸಿಕ್ಕಿತು. ತಂತಿ ಬಿಚ್ಚುವುದಕ್ಕೆ ಇನ್ನೂ ಒಂದು ವರ್ಷ ಹಿಡಿಯಿತು.

ಹಾಗಾಗಿ ಅವರು ಚಾರ್ಜ್ ಕೊಡುವ ಮುಂಚೆ ನೀವು ಕೇಳಬೇಕಾದದ್ದು ಇಷ್ಟು: ಫೈಲಿನ ನಂಬರು, ಹಳೇ ಸರ್ವೆ ನಂಬರು, ಮಂಜೂರಾದ ದಿನಾಂಕ. ಆಮೇಲೆ ಅಂತಿಮವಾಗಿ ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಬಡಾವಣೆ ಮಾಡಿದವರು ರಸ್ತೆ, ಪಾರ್ಕ್ ಜಾಗ ಬಿಟ್ಟುಕೊಟ್ಟ ಪತ್ರ ನೋಂದಣಿಯಾಗಿದೆಯಾ ಅಂತ ಉಪನೋಂದಣಿ ಕಚೇರಿಯಲ್ಲಿ ನೋಡಿಸಿ, ಇದೇ ಬಹಳ ಮುಖ್ಯ. ಅದು ಆಗಿರದಿದ್ದರೆ ಜಾಗ ಕಾಗದದ ಮೇಲೆ ಇನ್ನೂ ಹಳೇ ಮಾಲೀಕರ ಹೆಸರಿನಲ್ಲೇ ಇರುತ್ತದೆ, ಗಲಾಟೆ ಶುರುವಾಗುವುದೇ ಅಲ್ಲಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ ಇರಬೇಕು. ಪಾರ್ಕಿನ ಜೊತೆ ಚರಂಡಿ, ಬೀದಿ ದೀಪ ಎಲ್ಲ ಸೇರಿಸಿ ಪುರಾಣ ಬರೆಯಬೇಡಿ.

ಇನ್ನೊಂದು. ಮಹಾ ಯೋಜನೆಯಲ್ಲಿ ತೋರಿಸಿದ ಭೂ ಉಪಯೋಗ ಬದಲಿಸಲು ಯಾರಾದರೂ ಅರ್ಜಿ ಹಾಕಿದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ ಪ್ರಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯಬೇಕು. ಸಿಗುವುದು 15 ದಿನ. ಪ್ರಕಟಣೆ ಸಣ್ಣ ಅಕ್ಷರದಲ್ಲಿ ಎಲ್ಲೋ ಮೂಲೆಯಲ್ಲಿ ಇರುತ್ತದೆ. ನಮ್ಮಲ್ಲಿ ಜನತಾವಾಣಿ, ನಗರವಾಣಿ ಓದುವ ಕೆಲಸವನ್ನು ನಿವೃತ್ತರಾದ ಇಬ್ಬರು ಹಿರಿಯರಿಗೆ ವಹಿಸಿದ್ದೇವೆ, ಖುಷಿಯಿಂದ ಮಾಡುತ್ತಾರೆ. ಪಾರ್ಕ್ ಜಾಗದ ವಿಷಯದಲ್ಲಿ ಜಗಳ ಕೋರ್ಟಿಗೆ ಹೋದರೆ ವಕೀಲರಿಗೆ 1991ರ ಬೆಂಗಳೂರು ಮೆಡಿಕಲ್ ಟ್ರಸ್ಟ್ ತೀರ್ಪು ನೆನಪಿಸಿ. ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದು ಸರಿಯಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಅದರಲ್ಲೇ. ಕೇಸು ನಡೆಸಿದವರು ಆ ಬಡಾವಣೆಯ ನಿವಾಸಿಗಳು.

ಹೆಸರು ಯಾಕೆ ಬೇಡ ಅಂದರೆ, ಬದುಕಿರುವ ಅಧಿಕಾರಿಯ ಹೆಸರಿಗೆ ಯಾರೋ ಒಬ್ಬರು ತಕರಾರು ತೆಗೆದೇ ತೆಗೆಯುತ್ತಾರೆ. ಆಮೇಲೆ ಅವರ ಜಾತಿ, ಪಕ್ಷ ಎಲ್ಲ ಎಳೆದಾಡುತ್ತಾರೆ. ಪಾಪ, ಅವರಿಗೆ ಯಾಕೆ ಬೇಕು? ಮೇಲಾಗಿ ನಮ್ಮೂರಲ್ಲಿ ಹೆಸರು ಉಳಿಯುವ ರೀತಿ ನಿಮಗೆ ಗೊತ್ತಲ್ಲ. ಪಿ.ಜೆ. ಬಡಾವಣೆಯ ಪಿ.ಜೆ. ಅಂದರೆ ಯಾರ ಹೆಸರು ಅಂತ ಅಲ್ಲಿ ಹುಟ್ಟಿದವರನ್ನೇ ಕೇಳಿ ನೋಡಿ. ಗುಂಡಿ ಮಹಾದೇವಪ್ಪನವರ ವೃತ್ತ 'ಗುಂಡಿ ಸರ್ಕಲ್' ಆಗಿ, ಹೊರಗಿನಿಂದ ಬಂದವರು ರಸ್ತೆಯಲ್ಲಿ ಗುಂಡಿ ಹುಡುಕುತ್ತಾರೆ.

ಪಾರ್ಕಿನಲ್ಲೇ ಒಂದು ಸಂಜೆ ಕುರ್ಚಿ ಹಾಕಿ ಅವರನ್ನು ಕರೆಯಿರಿ. ಮನೆಯವರನ್ನೂ ಕರೆತರಲು ಹೇಳಿ. ಒಂದು ಹೊಂಗೆ ಸಸಿ ಅವರ ಕೈಯಿಂದಲೇ ನೆಡಿಸಿ. ಮಂಡಕ್ಕಿ, ಮೆಣಸಿನಕಾಯಿ ತರಿಸಿ.

ತಿಂಗಳ ಕೊನೆ ದಿನ ಯಾವ ವಾರ ಬಂದಿದೆ ಅಂತ ಇವತ್ತೇ ಕ್ಯಾಲೆಂಡರ್ ನೋಡಿ. ಭಾನುವಾರ ಬಿದ್ದಿದ್ದರೆ, ಅಥವಾ ಆ ದಿನ ಬೇರೆ ರಜೆ ಇದ್ದರೆ, ಅವರು ಕುರ್ಚಿ ಬಿಡುವುದು ನೀವು ಅಂದುಕೊಂಡದ್ದಕ್ಕಿಂತ ಮುಂಚೆ.